ಆಮೆಯ ಹೃದಯ, ನರ ಮತ್ತು ಮದ್ದು



ಈ ಸಲದ ಅಂಚೆಯಲ್ಲಿ ಬಂದ ಎರಡು ಪತ್ರಗಳನ್ನು ಮುಂದಿಟ್ಟುಕೊಂಡು ಕುಳಿತಿದ್ದೇನೆ. ಒಂದು ಮಡಕಶಿರಾ ಕಡೆಯ ಒಂಬತ್ತನೇ ತರಗತಿ ಹುಡುಗನದು. ಶಾಲೆಯಲ್ಲಿ ತೆಲುಗು, ಮನೆಯಲ್ಲಿ ಕನ್ನಡ. ಹೊಲ ಉಳುವಾಗ ಟ್ರ್ಯಾಕ್ಟರಿನ ನೇಗಿಲಿಗೆ ಸಿಕ್ಕಿ ಒಂದು ಆಮೆಯ ಚಿಪ್ಪು ಒಡೆಯಿತಂತೆ, ತಲೆ ಬೇರೆಯಾಯಿತಂತೆ. "ತಾಬೇಲು ಸತ್ತು ಗಂಟೆ ಕಳೆದರೂ ಒಳಗೆ ಕೆಂಪಗೆ ಏನೋ ಮಿಡಿಯುತ್ತಲೇ ಇತ್ತು ಸಾರ್. ತಲೆಯೇ ಇಲ್ಲದ ಮೇಲೆ ಅದಕ್ಕೆ ಮಿಡಿ ಎಂದು ಹೇಳಿದವರು ಯಾರು?" ಎಂದು ಕೇಳಿದ್ದಾನೆ.

ಇನ್ನೊಂದು ಜತ್ತ ತಾಲ್ಲೂಕಿನ ದಾಳಿಂಬೆ ಬೆಳೆಗಾರರದು. ಅವರ ತಮ್ಮ ತೋಟಕ್ಕೆ ಎಣ್ಣೆ ಹೊಡೆಯುತ್ತಿದ್ದಾಗ ಕುಸಿದು ಬಿದ್ದನಂತೆ. ಬಾಯಲ್ಲಿ ನೊರೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು, ನಾಡಿ ಸಿಕ್ಕದಷ್ಟು ನಿಧಾನ. ಆಸ್ಪತ್ರೆಯಲ್ಲಿ ಸೂಜಿಯ ಮೇಲೆ ಸೂಜಿ ಹಾಕಿದರು. "ಸೂಜಿ ಹಾಕಿದ ಮ್ಯಾಲೆ ಎದಿ ಕುದುರಿ ಓಡಿದಂಗ ಓಡಾಕ ಹತ್ತಿತ್ರಿ. ಕಣ್ಣು ದೊಡ್ಡವಾದ್ವು, ಹುಡುಗ ಏನೇನೋ ಬಡಬಡಸಾಕ ಸುರು ಮಾಡಿದ. ಔಷಧ ಜಾಸ್ತಿ ಆಗಿ ತಲಿ ಕೆಟ್ಟೈತಿ ಅಂತ ನಮ್ಮ ಹಿರ್ಯಾರು ಮರುದಿನಾನ ಮನಿಗೆ ಕರಕೊಂಡು ಹೊಂಟಿದ್ರು. ಡಾಕ್ಟರು ಬಿಡಲಿಲ್ಲ. ಜಗಳ ಆತು. ಯಾರದು ಖರೆ?" ಇದು ಅವರ ಪ್ರಶ್ನೆ.

ಆಮೆಗೂ ಎಣ್ಣೆ ಹತ್ತಿದ ಹುಡುಗನಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಇದೆ. ಎರಡೂ ಪತ್ರಗಳಿಗೆ ಉತ್ತರ ಒಂದೇ ದಾರಿಯಲ್ಲಿ ಸಿಗುತ್ತದೆ. ಆ ದಾರಿ ಆಮೆಯ ಎದೆಯ ಮೂಲಕ ಹೋಗುತ್ತದೆ.

ಮೊದಲು ಆ ಹೃದಯದ ರಚನೆ. ಆಮೆ, ಹಾವು, ಹಲ್ಲಿ, ಉಡ ಇವೆಲ್ಲ ಸರೀಸೃಪಗಳು. ನಮ್ಮ ಹೃದಯಕ್ಕೆ ನಾಲ್ಕು ಕೋಣೆ, ಇವಕ್ಕೆ ಮೂರು. ಮೇಲೆ ಎರಡು ಹೃತ್ಕರ್ಣ, ಕೆಳಗೆ ಒಂದೇ ಹೃತ್ಕುಕ್ಷಿ, ಅದರೊಳಗೆ ಅರ್ಧಕ್ಕೆ ನಿಂತ ಗೋಡೆ. ಮೊಸಳೆಗೆ ಮಾತ್ರ ಈ ಗೋಡೆ ಪೂರ್ತಿಯಾಗಿದೆ. ಮೈಯೆಲ್ಲ ಸುತ್ತಿ ಬಂದ ರಕ್ತ ಮೊದಲು ಬಂದು ಸೇರುವುದು ಹೃತ್ಕರ್ಣದ ಹಿಂದಿರುವ ತೆಳ್ಳನೆಯ ಒಂದು ಚೀಲಕ್ಕೆ. ಮಿಡಿತ ಹುಟ್ಟುವುದೂ ಅಲ್ಲಿಯೇ. ಚೀಲ ಹಿಂಡಿಕೊಳ್ಳುತ್ತದೆ, ಆಮೇಲೆ ಹೃತ್ಕರ್ಣ, ಆಮೇಲೆ ಹೃತ್ಕುಕ್ಷಿ. ನಮ್ಮ ಹೃದಯದಲ್ಲಿ ಇದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಆಮೆಯಲ್ಲಿ ಒಂದಾದ ಮೇಲೆ ಒಂದನ್ನು ಬರಿಗಣ್ಣಿನಿಂದ ಎಣಿಸಬಹುದು, ಅಷ್ಟು ನಿಧಾನ.

ಈ ನಿಧಾನವೇ ಒಬ್ಬ ವಿಜ್ಞಾನಿಗೆ ವರವಾಯಿತು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ವಾಲ್ಟರ್ ಗ್ಯಾಸ್ಕೆಲ್ 1883ರಲ್ಲಿ ಆಮೆಯ ಹೃದಯದ ಮೇಲೆ ಒಂದು ದೀರ್ಘ ಲೇಖನ ಪ್ರಕಟಿಸಿದ. ಹೃದಯದೊಳಗೇ ಇರುವ ಸಣ್ಣ ಸಣ್ಣ ನರಗಂಟುಗಳು ಅಪ್ಪಣೆ ಕೊಡುತ್ತವೆ, ಮಾಂಸ ಅದರಂತೆ ಮಿಡಿಯುತ್ತದೆ ಎಂಬುದು ಅಂದಿನ ಬಹುಪಾಲು ಪಂಡಿತರ ಮತ. ಗ್ಯಾಸ್ಕೆಲ್‌ಗೆ ಅದರಲ್ಲಿ ಅನುಮಾನವಿತ್ತು. ಆತ ಆಮೆಯ ಹೃತ್ಕುಕ್ಷಿಯ ತುದಿಯಿಂದ ನರಗಂಟುಗಳಿಲ್ಲದ ಒಂದು ಪಟ್ಟಿಯನ್ನು ಕೊಯ್ದು, ಒಣಗದಂತೆ ತೂಗುಹಾಕಿದ. ಸ್ವಲ್ಪ ಹೊತ್ತು ವಿದ್ಯುತ್ತಿನಿಂದ ತಟ್ಟಿ ತಟ್ಟಿ ಎಬ್ಬಿಸಿದ. ಆಮೇಲೆ ತಟ್ಟುವುದನ್ನು ನಿಲ್ಲಿಸಿದರೂ ಆ ಮಾಂಸದ ಪಟ್ಟಿ ತನ್ನಷ್ಟಕ್ಕೆ ತಾನು ಗಂಟೆಗಟ್ಟಲೆ ಮಿಡಿಯಿತು.

ಮಡಕಶಿರಾದ ತಮ್ಮಾ, ನಿನ್ನ ಪ್ರಶ್ನೆಗೆ ಉತ್ತರ ಇಲ್ಲಿದೆ. ಮಿಡಿ ಎಂದು ಯಾರೂ ಹೇಳಲಿಲ್ಲ. ಹೃದಯದ ಸ್ನಾಯುವಿಗೆ ಮಿಡಿಯುವುದು ಹುಟ್ಟುಗುಣ. ತಲೆಯಿಂದ ಬರುವ ಅಪ್ಪಣೆಗೆ ಅದು ಕಾಯುವುದಿಲ್ಲ. ನಮ್ಮ ಹೃದಯವೂ ಹಾಗೆಯೇ, ಆದರೆ ನಮ್ಮದು ಬಿಸಿರಕ್ತದ ದುಬಾರಿ ಸಂಸಾರ. ಪ್ರಾಣವಾಯು ನಿಂತರೆ ಕೆಲವು ನಿಮಿಷಗಳಲ್ಲೇ ಸೋಲುತ್ತದೆ. ಆಮೆಯದು ಕಡಿಮೆ ಖರ್ಚಿನ ಮನೆ. ಉತ್ತರ ಅಮೆರಿಕದ ಒಂದು ಜಾತಿಯ ಆಮೆ ಚಳಿಗಾಲವಿಡೀ ಹೆಪ್ಪುಗಟ್ಟಿದ ಕೆರೆಯ ತಳದಲ್ಲಿ ಉಸಿರಿಲ್ಲದೆ ಕಳೆಯುತ್ತದೆ. ಆಗ ಅದರ ಹೃದಯ ಒಂದು ಸಲ ಮಿಡಿದು ಇನ್ನೊಂದು ಸಲ ಮಿಡಿಯುವುದಕ್ಕೆ ನಿಮಿಷಗಳೇ ಹಿಡಿಯುತ್ತವೆ. ಹಾಗಿರುವಾಗ ನಿನ್ನ ಹೊಲದ ಆಮೆಯ ಗುಂಡಿಗೆ ಒಂದು ಗಂಟೆ ಬಾಳಿದ್ದು ದೊಡ್ಡ ಮಾತಲ್ಲ.

(ಒಂದು ಮಾತು ಹೇಳಿಬಿಡುತ್ತೇನೆ. ನಿಮ್ಮ ಕಡೆಯ ಕುರುಚಲು ಕಾಡಿನಲ್ಲಿರುವ ನಕ್ಷತ್ರ ಆಮೆಯನ್ನು ಹಿಡಿಯುವುದಾಗಲಿ ಮನೆಯಲ್ಲಿಡುವುದಾಗಲಿ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಪರೀಕ್ಷೆ ಮಾಡಿ ನೋಡುತ್ತೇನೆಂದು ಹೊರಡಬೇಡ.)

ಹಾಗಾದರೆ ನರಗಳಿಗೆ ಏನು ಕೆಲಸ? ಎತ್ತಿನ ಗಾಡಿಯನ್ನು ನೆನೆದುಕೊಳ್ಳಿ. ನಡೆಯುವುದು ಎತ್ತು, ತನ್ನ ಕಾಲಿನಿಂದಲೇ. ಗಾಡಿ ಹೊಡೆಯುವವನ ಕೈಯಲ್ಲಿ ಎರಡು ಸಾಧನ: ಒಂದು ಮೂಗುದಾರದ ಹಗ್ಗ, ಇನ್ನೊಂದು ಬಾರುಕೋಲು. ಹೃದಯಕ್ಕೂ ಎರಡು ಬಗೆಯ ನರ. ತಲೆಯಿಂದ ಕುತ್ತಿಗೆಯ ಮೂಲಕ ಇಳಿದು ಬರುವ ವೇಗಸ್ ನರ ಹಗ್ಗ ಜಗ್ಗುತ್ತದೆ. ಬೆನ್ನುಹುರಿಯ ಕಡೆಯಿಂದ ಬರುವ ಅನುವೇದನಾ ನರ ಬಾರುಕೋಲು ಬೀಸುತ್ತದೆ. ವೇಗಸ್ ಎಂಬ ಹೆಸರು ಕೇಳಿ ವೇಗ ಹೆಚ್ಚಿಸುವ ನರ ಎಂದುಕೊಳ್ಳಬೇಡಿ, ಕೆಲಸ ಅದಕ್ಕೆ ತದ್ವಿರುದ್ಧ. ಅದು ಲ್ಯಾಟಿನ್ ಮಾತು, ಅಲೆಮಾರಿ ಎಂದು ಅರ್ಥ. ಎದೆ, ಹೊಟ್ಟೆಯೆಲ್ಲ ಅಲೆದು ಬರುವ ನರವಾದ್ದರಿಂದ ಆ ಹೆಸರು. ಈ ನರವನ್ನು ವಿದ್ಯುತ್ತಿನಿಂದ ಕೆರಳಿಸಿದರೆ ಹೃದಯ ನಿಧಾನವಾಗುತ್ತದೆ, ನಿಂತೂ ಹೋಗುತ್ತದೆ ಎಂದು 1845ರಲ್ಲಿಯೇ ಜರ್ಮನಿಯ ವೇಬರ್ ಸೋದರರು ತೋರಿಸಿದ್ದರು. ನರ ಎಂದರೆ ಕೆಲಸ ಮಾಡಿಸುವುದು ಎಂದಷ್ಟೇ ತಿಳಿದಿದ್ದ ಕಾಲ ಅದು. ಕೆಲಸ ನಿಲ್ಲಿಸುವ ನರವೂ ಇದೆ ಎಂದಾಗ ಜನ ಬೆರಗಾದರು.

ಹೆಚ್ಚಿನ ವಿಜ್ಞಾನಿಗಳು ಆಗ ಕಪ್ಪೆಯ ಮೇಲೆ ಪ್ರಯೋಗ ಮಾಡುತ್ತಿದ್ದರು. ಅದರಲ್ಲೊಂದು ತೊಡಕು. ಕಪ್ಪೆಯಲ್ಲಿ ಜಗ್ಗುವ ನರದ ಎಳೆಗಳೂ ಬೀಸುವ ನರದ ಎಳೆಗಳೂ ಒಂದೇ ಹಗ್ಗದಲ್ಲಿ ಹೊಸೆದುಕೊಂಡಿವೆ. ಕೆರಳಿಸಿದರೆ ಎರಡೂ ಒಟ್ಟಿಗೆ ಏಳುತ್ತವೆ. ಯಾವುದರ ಫಲ ಯಾವುದು ಎಂದು ತಿಳಿಯುವುದಿಲ್ಲ. ಆಮೆ ಮತ್ತು ಮೊಸಳೆಯಲ್ಲಿ ಇವೆರಡೂ ಬೇರೆ ಬೇರೆ ದಾರಿಯಲ್ಲಿ ಬರುತ್ತವೆ. ಗ್ಯಾಸ್ಕೆಲ್ ಆಮೆಯ ಹೃದಯದ ಮೇಲುಕೋಣೆಗೊಂದು, ಕೆಳಕೋಣೆಗೊಂದು ದಾರ ಕಟ್ಟಿ, ದಾರದ ತುದಿಗೆ ಸಣ್ಣ ಸನ್ನೆಕೋಲು ಸಿಕ್ಕಿಸಿ, ತಿರುಗುವ ಉರುಳೆಗೆ ಸುತ್ತಿದ ಹೊಗೆ ಹಿಡಿದ ಕಾಗದದ ಮೇಲೆ ಗೀಚಿಸಿದ. ಬೀಸುವ ನರವನ್ನು ಕೆರಳಿಸಿದಾಗ ಮಿಡಿತ ಚುರುಕಾಯಿತು, ಬಲವಾಯಿತು. ಜಗ್ಗುವ ನರವನ್ನು ಕೆರಳಿಸಿದಾಗ ಮಿಡಿತ ನಿಧಾನವಾಯಿತು, ಹೃತ್ಕರ್ಣದ ಹಿಂಡುವಿಕೆ ಸೊರಗಿತು. ಆದರೆ ಹೃತ್ಕುಕ್ಷಿಯ ಬಲ ಮಾತ್ರ ಕುಗ್ಗಲಿಲ್ಲ. ಅಂದರೆ ಆಮೆಯಲ್ಲಿ ಈ ನರದ ಹಿಡಿತವೆಲ್ಲ ಮೇಲುಮನೆಯ ಮೇಲೆ. ಕೆಳಮನೆ ಮೇಲಿನವರು ಹೇಳಿದ ಲಯಕ್ಕೆ ನಡೆಯುತ್ತದೆ, ಅಷ್ಟೆ.

ಅದೇ ಗ್ಯಾಸ್ಕೆಲ್ ಎರಡು ಕೋಣೆಗಳ ನಡುವಿನ ಸಂದಿನಲ್ಲಿ ಒಂದು ಇಕ್ಕುಳ ಹಾಕಿ ಮೆಲ್ಲಗೆ ಬಿಗಿಮಾಡಿದ. ಮೇಲೆ ಎರಡು ಮಿಡಿತವಾದರೆ ಕೆಳಗೆ ಒಂದು. ಇನ್ನೂ ಬಿಗಿಮಾಡಿದರೆ ಕೆಳಕೋಣೆಗೆ ಸುದ್ದಿಯೇ ಇಲ್ಲ. ಇದಕ್ಕೆ ಆತ ಬ್ಲಾಕ್ ಎಂಬ ಮಾತು ಬಳಸಿದ. ನಿಮ್ಮ ಮನೆಯ ಹಿರಿಯರ ಇಸಿಜಿ ನೋಡಿ ಡಾಕ್ಟರು "ಹಾರ್ಟ್ ಬ್ಲಾಕ್ ಇದೆ, ಪೇಸ್‌ಮೇಕರ್ ಬೇಕು" ಎಂದರೆ, ಆ ಮಾತಿನ ಬೇರು ಈ ಆಮೆಯ ಇಕ್ಕುಳದಲ್ಲಿದೆ. ಮನುಷ್ಯನ ಮೈಯೊಳಗೆ ಮೊದಲ ಪೇಸ್‌ಮೇಕರ್ ಇಟ್ಟದ್ದು 1958ರಲ್ಲಿ, ಸ್ವೀಡನ್ನಿನಲ್ಲಿ. ರಕ್ತನಾಳದಲ್ಲಿ ಕೊಬ್ಬು ಕಟ್ಟುವುದಕ್ಕೂ ನಮ್ಮ ಜನ ಬ್ಲಾಕ್ ಎನ್ನುತ್ತಾರೆ. ಅದು ಬೇರೆ, ಇದು ಬೇರೆ. ಯಾವ ಬ್ಲಾಕ್ ಎಂದು ಕೇಳಿ ತಿಳಿದುಕೊಳ್ಳಿ.

ಇನ್ನು ಮದ್ದಿನ ವಿಷಯ. ಮದ್ದುಗುಣಿಕೆ ಗಿಡ ನಿಮಗೆಲ್ಲ ಗೊತ್ತು. ದತ್ತೂರಿ ಎಂದರೂ ಅದೇ. ತಮಿಳಿನವರು ಊಮತ್ತೈ, ತೆಲುಗಿನವರು ಉಮ್ಮೆತ್ತ, ಮರಾಠಿಯವರು ಧೋತ್ರಾ ಎನ್ನುತ್ತಾರೆ. ತಿಪ್ಪೆಯ ಪಕ್ಕದಲ್ಲಿ ಬಿಳಿ ಕಹಳೆಯಂಥ ಹೂ, ಮುಳ್ಳುಕಾಯಿ. ಈ ಗಿಡದಲ್ಲಿಯೂ ಇದರ ಬಳಗದ ಯುರೋಪಿನ ಬೆಲಡೋನದಲ್ಲಿಯೂ ಇರುವ ವಿಷಗಳಲ್ಲಿ ಅಟ್ರೊಪಿನ್ ಒಂದು. ಆಮೆಯ ಹೃದಯಕ್ಕೆ ಮೊದಲು ಸ್ವಲ್ಪ ಅಟ್ರೊಪಿನ್ ಕೊಟ್ಟು, ಆಮೇಲೆ ವೇಗಸ್ ನರವನ್ನು ಎಷ್ಟೇ ಕೆರಳಿಸಿದರೂ ಹೃದಯ ನಿಧಾನವಾಗುವುದಿಲ್ಲ. ಹಗ್ಗ ಜಗ್ಗುತ್ತಲೇ ಇದ್ದಾರೆ, ಆದರೆ ಎತ್ತಿಗೆ ತಟ್ಟುತ್ತಿಲ್ಲ. ನರ ಕೆಟ್ಟಿಲ್ಲ, ಸ್ನಾಯು ಕೆಟ್ಟಿಲ್ಲ. ನಡುವೆ ಎಲ್ಲೋ ಮಾತು ತುಂಡಾಗಿದೆ.

ಆ ನಡುವೆ ಏನಿದೆ ಎಂಬುದು ತಿಳಿದದ್ದು 1921ರಲ್ಲಿ. ಆಸ್ಟ್ರಿಯಾದ ಗ್ರಾಜ್ ನಗರದಲ್ಲಿ ಆಟೊ ಲೋವಿ ಎಂಬಾತ ಎರಡು ಕಪ್ಪೆ ಹೃದಯಗಳನ್ನು ತೆಗೆದುಕೊಂಡ. ಒಂದರ ವೇಗಸ್ ನರವನ್ನು ಕೆರಳಿಸಿದ, ಅದು ನಿಧಾನವಾಯಿತು. ಆ ಹೃದಯದೊಳಗಿದ್ದ ಉಪ್ಪುನೀರನ್ನು ತೆಗೆದು ಇನ್ನೊಂದಕ್ಕೆ ಹಾಕಿದ. ನರವನ್ನೇ ಮುಟ್ಟದ ಆ ಎರಡನೆಯ ಹೃದಯವೂ ನಿಧಾನವಾಯಿತು! ಅಂದರೆ ನರ ತನ್ನ ತುದಿಯಲ್ಲಿ ಒಂದು ರಸ ಸುರಿಸುತ್ತದೆ. ಮಾತನಾಡುವುದು ಆ ರಸ. ಅದೇ ಅಸಿಟೈಲ್‌ಕೋಲಿನ್. ಇದಕ್ಕಾಗಿ ಲೋವಿ ಮತ್ತು ಇಂಗ್ಲೆಂಡಿನ ಹೆನ್ರಿ ಡೇಲ್ ಇಬ್ಬರಿಗೂ 1936ರ ನೊಬೆಲ್ ಬಂತು. ಈ ರಸ ಬೀಗದ ಕೈ ಇದ್ದ ಹಾಗೆ. ಹೃದಯದ ಜೀವಕೋಶದ ಮೇಲೆ ಅದಕ್ಕೆ ತಕ್ಕ ಬೀಗವಿದೆ. ಅಟ್ರೊಪಿನ್ ಅದೇ ಬೀಗದ ಕಂಡಿಯಲ್ಲಿ ಹೋಗಿ ಕೂರುವ, ಆದರೆ ತಿರುಗದ ಕಳ್ಳ ಬೀಗದ ಕೈ. ಬಾರುಕೋಲಿನ ನರಕ್ಕೂ ಹೀಗೆ ತನ್ನದೇ ರಸವಿದೆ, ಅಡ್ರಿನಲಿನ್ ಜಾತಿಯದು. ಅದರ ಬೀಗಕ್ಕೆ ಅಡ್ಡ ಕೂರುವ ಮದ್ದು ಪ್ರೊಪ್ರನಲಾಲ್. ಎದೆಬಡಿತಕ್ಕೂ ರಕ್ತದೊತ್ತಡಕ್ಕೂ ನಿಮ್ಮಲ್ಲಿ ಕೆಲವರು ಅದನ್ನು ನುಂಗಿರಬಹುದು.

ಈ ಎರಡು ಮದ್ದುಗಳು ಕೈಗೆ ಬಂದ ಮೇಲೆ ಸರೀಸೃಪಗಳ ಹೃದಯದ ಗುಟ್ಟುಗಳು ಒಂದೊಂದಾಗಿ ಬಿಚ್ಚಿಕೊಂಡವು. ಆಮೆ ನೀರಿನಲ್ಲಿ ಮುಳುಗಿದಾಗ ಏನಾಗುತ್ತದೆ ನೋಡಿ. ಉಸಿರಿಲ್ಲದ ಹೊತ್ತಿನಲ್ಲಿ ಶ್ವಾಸಕೋಶಕ್ಕೆ ರಕ್ತ ಕಳಿಸಿ ಪ್ರಯೋಜನ ಕಡಿಮೆ. ಆಗ ವೇಗಸ್ ನರ ಹೃದಯವನ್ನು ನಿಧಾನ ಮಾಡುವುದಲ್ಲದೆ, ಶ್ವಾಸಕೋಶಕ್ಕೆ ಹೋಗುವ ರಕ್ತನಾಳವನ್ನೂ ಬಿಗಿ ಹಿಡಿಯುತ್ತದೆ. ಹೃತ್ಕುಕ್ಷಿಯ ಗೋಡೆ ಅರ್ಧವೇ ಇರುವುದರಿಂದ ರಕ್ತ ಆ ಕಡೆ ಹೋಗದೆ ಮೈಗೇ ತಿರುಗುತ್ತದೆ. ತಲೆಗೆ ಬಂದು ಮೊದಲ ಉಸಿರು ಎಳೆದೊಡನೆ ಬಿಗಿ ಸಡಿಲುತ್ತದೆ, ಹೃದಯ ಚುರುಕಾಗುತ್ತದೆ. ನಮ್ಮ ಕಾಲುವೆಗಳಲ್ಲಿ ನೀರುಗಂಟಿ ಒಂದು ತೂಬು ಮುಚ್ಚಿ ಇನ್ನೊಂದು ತೆಗೆಯುವ ಹಾಗೆ. ಅಟ್ರೊಪಿನ್ ಕೊಟ್ಟರೆ ಈ ತೂಬು ಮುಚ್ಚುವುದೇ ಇಲ್ಲ. ಅರ್ಧ ಗೋಡೆಯ ಹೃದಯವೆಂದರೆ ಅರೆಬೆಂದ ಹೃದಯ, ಕೀಳು ದರ್ಜೆಯದು ಎಂದು ಹಳೆಯ ಪುಸ್ತಕಗಳಲ್ಲಿ ಬರೆದಿರುತ್ತಿದ್ದರು. ನನಗೆ ಹಾಗೆನಿಸುವುದಿಲ್ಲ. ಮುಳುಗಿ ಬದುಕುವ ಪ್ರಾಣಿಗೆ ಅದು ಅನುಕೂಲದ ಮನೆ.

ಹೆಬ್ಬಾವಿನ ಕತೆ ಇನ್ನೂ ಸೊಗಸು. ವಾರಗಟ್ಟಲೆ ಉಪವಾಸವಿದ್ದು ಒಂದು ದೊಡ್ಡ ಊಟ ನುಂಗಿದ ಮೇಲೆ ಅದರ ಹೃದಯ ಬಹಳ ಚುರುಕಾಗುತ್ತದೆ. ಹಗ್ಗ ಸಡಿಲಿಸಿದ್ದರಿಂದ ಹೀಗಾಯಿತೋ, ಬಾರುಕೋಲು ಬೀಸಿದ್ದರಿಂದಲೋ? ಅಟ್ರೊಪಿನ್ ಕೊಟ್ಟು ಹಗ್ಗ ಕತ್ತರಿಸಿದರು. ಪ್ರೊಪ್ರನಲಾಲ್ ಕೊಟ್ಟು ಬಾರುಕೋಲು ಕಿತ್ತುಕೊಂಡರು. ಆದರೂ ಉಂಡ ಹಾವಿನ ಹೃದಯ ಉಪವಾಸದ ಹಾವಿನದಕ್ಕಿಂತ ಜೋರಾಗಿಯೇ ಓಡಿತು. ಮೂರನೆಯ ಕೈ ಒಂದಿರಲೇಬೇಕು! ಅದು ಹಿಸ್ಟಮಿನ್ ಎಂಬ ರಸ, ಹೃದಯದ ಬೀಗಕ್ಕೇ ನೇರವಾಗಿ ಹೋಗಿ ತಗಲುತ್ತದೆ ಎಂದು 2009ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ನಮ್ಮ ಹೊಟ್ಟೆಯಲ್ಲಿ ಆಮ್ಲ ಸುರಿಸುವುದೂ ಅದೇ ಜಾತಿಯ ಬೀಗ. ಎದೆಯುರಿಗೆ ಕೊಡುವ ಫ್ಯಾಮೊಟಿಡಿನ್ ಮಾತ್ರೆ ಅಡ್ಡ ಕೂರುವುದು ಅದಕ್ಕೇ.

ಈಗ ಜತ್ತದ ಅಣ್ಣನವರ ಪತ್ರಕ್ಕೆ ಬರೋಣ.

ನರ ಸುರಿಸಿದ ಅಸಿಟೈಲ್‌ಕೋಲಿನ್ ಅಲ್ಲೇ ಉಳಿದರೆ ಹಗ್ಗ ಜಗ್ಗಿದಂತೆಯೇ ಇರುತ್ತದೆ. ಆದ್ದರಿಂದ ಅದನ್ನು ತಕ್ಷಣ ಒರೆಸಿಹಾಕುವ ಒಂದು ಕಿಣ್ವ ಮೈಯಲ್ಲಿದೆ. ಮೇಷ್ಟ್ರು ಹಲಗೆಯ ಮೇಲೆ ಒಂದು ಪದ ಬರೆಯುತ್ತಾರೆ, ಹುಡುಗನೊಬ್ಬ ಒರೆಸುತ್ತಾನೆ, ಮತ್ತೆ ಬರೆಯುತ್ತಾರೆ. ಒರೆಸುವವನ ಕೈ ಕಟ್ಟಿಬಿಟ್ಟರೆ? ಹಲಗೆ ತುಂಬಿ ಗೀಚು ಗೀಚಾಗುತ್ತದೆ. ನಾವು ಹೊಲಕ್ಕೆ ಹೊಡೆಯುವ ಕೀಟನಾಶಕಗಳಲ್ಲಿ ಆರ್ಗನೊಫಾಸ್ಫೇಟ್ ಎಂಬ ಬಳಗ ಮಾಡುವುದು ಇದನ್ನೇ. ಕ್ಲೋರ್‌ಪೈರಿಫಾಸ್‌ನಂಥವು ಈ ಬಳಗದವು. ಹುಳುವಿನ ಮೈಯಲ್ಲಿ ಒರೆಸುವವನ ಕೈ ಕಟ್ಟುತ್ತವೆ. ಮನುಷ್ಯನ ಮೈಗೆ ಹೋದರೆ ಮನುಷ್ಯನದನ್ನೂ ಕಟ್ಟುತ್ತವೆ. ಆಗಲೇ ಜೊಲ್ಲು, ಬೆವರು, ವಾಂತಿ, ಭೇದಿ, ಪುಪ್ಪುಸದಲ್ಲಿ ನೀರು, ಸೂಜಿಮೊನೆಯಂಥ ಪಾಪೆ, ಮಲಗುವ ನಾಡಿ. ನಿಮ್ಮ ತಮ್ಮನಿಗೆ ಆದದ್ದು ಅದೇ. ಬಾಯಿಯಿಂದಲೇ ಹೋಗಬೇಕೆಂದಿಲ್ಲ; ನೆನೆದ ಅಂಗಿಯ ಮೂಲಕ ಚರ್ಮದಿಂದಲೂ ಹೋಗುತ್ತದೆ.

ಡಾಕ್ಟರು ಹಾಕಿದ ಸೂಜಿ ಅಟ್ರೊಪಿನ್. ಆಮೆಯ ಹೃದಯದಲ್ಲಿ ಮಾಡಿದ ಕೆಲಸವನ್ನೇ ಅದು ಇಲ್ಲಿ ಮಾಡುತ್ತದೆ. ಬೀಗಗಳಿಗೆ ಅಡ್ಡ ಕೂರುತ್ತದೆ. ರಸ ಎಷ್ಟು ತುಂಬಿದೆಯೋ ಅದಕ್ಕೆ ತಕ್ಕಷ್ಟು ಅಡ್ಡ ಬೇಕು. ಅದಕ್ಕೇ ಕೆಲವು ನಿಮಿಷಗಳಿಗೊಮ್ಮೆ ಪ್ರಮಾಣವನ್ನು ಇಮ್ಮಡಿಸುತ್ತಾ, ಪುಪ್ಪುಸದ ಗುರುಗುರು ಒಣಗಿ ನಾಡಿ 80ರ ಮೇಲೆ ಬರುವವರೆಗೆ ಕೊಡುತ್ತಾರೆ. ಬಾಯಿ ಒಣಗುವುದು, ಪಾಪೆ ಅಗಲವಾಗುವುದು, ಎದೆ ಓಡುವುದು ಮದ್ದು ಹತ್ತಿದ ಗುರುತು. ಬಡಬಡಿಸುವುದು, ಹಾಸಿಗೆ ಕೆರೆಯುವುದು, ಜ್ವರ ಬಂದರೆ ಸ್ವಲ್ಪ ಮೀರಿದೆ ಎಂದು ಅರ್ಥ. ಮದ್ದುಗುಣಿಕೆ ತಿಂದವನು ಬಡಬಡಿಸುವುದೂ ಹೀಗೆಯೇ. ಆಗ ಡಾಕ್ಟರು ಪ್ರಮಾಣ ಇಳಿಸುತ್ತಾರೆ, ಕೆಲವು ಹೊತ್ತಿನಲ್ಲಿ ಸರಿಹೋಗುತ್ತದೆ. ತಲೆ ಕೆಟ್ಟದ್ದಲ್ಲ. ನಿಮ್ಮ ಹಿರಿಯರು ಕಂಡದ್ದು ನಿಜ, ಅದು ಮದ್ದಿನಿಂದಲೇ. ಆದರೆ ಆ ಮದ್ದಿಲ್ಲದಿದ್ದರೆ ಬಡಬಡಿಸಲು ಹುಡುಗನೇ ಇರುತ್ತಿರಲಿಲ್ಲ.

ಮರುದಿನವೇ ಕರೆದೊಯ್ಯಲು ಡಾಕ್ಟರು ಬಿಡದಿದ್ದುದಕ್ಕೂ ಕಾರಣವಿದೆ. ಅಟ್ರೊಪಿನ್ ಎಲ್ಲ ಬೀಗಗಳಿಗೂ ಅಡ್ಡ ಕೂರುವುದಿಲ್ಲ. ಕೈಕಾಲು, ಕುತ್ತಿಗೆ, ಉಸಿರಾಟದ ಸ್ನಾಯುಗಳಲ್ಲಿರುವುದು ಅದೇ ರಸದ ಬೇರೆ ಜಾತಿಯ ಬೀಗ. ಅಲ್ಲಿ ಅಟ್ರೊಪಿನ್ ಆಟ ನಡೆಯದು. ಎದ್ದು ಕುಳಿತು ಮಾತನಾಡಿದ ರೋಗಿಗೆ ಒಂದರಿಂದ ನಾಲ್ಕು ದಿನದೊಳಗೆ ಕುತ್ತಿಗೆ ಎತ್ತಲಾಗದೆ, ಉಸಿರು ಸೋತು ಹೋಗುವುದುಂಟು. ಆಗ ಹತ್ತಿರದಲ್ಲಿ ಉಸಿರಾಟದ ಯಂತ್ರವಿರಬೇಕು. "ಹುಷಾರಾಗಿದ್ದಾನಲ್ಲ" ಎಂದು ಎರಡನೆಯ ದಿನ ಮನೆಗೆ ತಂದು, ಮೂರನೆಯ ದಿನ ಕಳೆದುಕೊಳ್ಳುವುದು ಹೀಗೆ. ಆದ್ದರಿಂದ ಅಣ್ಣನವರೆ, ಆ ಜಗಳದಲ್ಲಿ ಡಾಕ್ಟರದೇ ಖರೆ.

ನಮ್ಮ ಗಡಿಯ ಕಡೆ ಇನ್ನೊಂದು ತೊಡಕು ಮಾತಿನದು. ಬೆಳೆಗೆ ಹೊಡೆಯುವುದಕ್ಕೂ ರೋಗಿಗೆ ಕೊಡುವುದಕ್ಕೂ ಮದ್ದು, ಔಷಧಿ ಎಂದು ಒಂದೇ ಹೆಸರು. ತಮಿಳಿನ ಮರುಂದು, ತೆಲುಗಿನ ಮಂದು ಕೂಡ ಹಾಗೆಯೇ. "ಮದ್ದು ಕುಡಿದಿದ್ದಾನೆ" ಎಂದರೆ ಗಡಿಯಾಚೆಯ ಆಸ್ಪತ್ರೆಯಲ್ಲಿ ಯಾವ ಮದ್ದು ಎಂದು ತಿಳಿಯಬೇಕಲ್ಲ. ಬಾಟಲಿಯನ್ನೇ ಒಂದು ಚೀಲದಲ್ಲಿ ಹಾಕಿ ಒಯ್ಯಿರಿ, ಲೇಬಲ್ ಹರಿಯಬೇಡಿ. ಒಳಗಿರುವುದು ಯಾವುದು ಎಂಬುದರ ಮೇಲೆ ಚಿಕಿತ್ಸೆ ನಿಂತಿದೆ. ಕಾಸರಗೋಡಿನವರಿಗೆ ನೆನಪಿರುವ ಎಂಡೋಸಲ್ಫಾನ್, 2011ರಲ್ಲಿ ಸುಪ್ರೀಂ ಕೋರ್ಟು ತಡೆದದ್ದು, ಬೇರೆ ಬಳಗದ್ದು. ಅದಕ್ಕೆ ಅಟ್ರೊಪಿನ್ ಪ್ರತಿಮದ್ದಲ್ಲ. ಕಣಗಿಲೆ ಬೀಜದ ವಿಷವೂ ಬೇರೆ. ಅದು ಹೃದಯದ ಸ್ನಾಯುವನ್ನೇ ಹಿಡಿಯುತ್ತದೆ.

ಯಾರಾದರೂ ಹೊಲದಲ್ಲಿ ಕುಸಿದರೆ ಮೊದಲು ಆಚೆ ಗಾಳಿಗೆ ತನ್ನಿ. ನೆನೆದ ಬಟ್ಟೆ ತೆಗೆಯಿರಿ, ಸೋಪು ನೀರಿನಲ್ಲಿ ಮೈ, ತಲೆಕೂದಲು ತೊಳೆಯಿರಿ. ತೊಳೆಯುವವರು ಬರಿಗೈಯಲ್ಲಿ ಮುಟ್ಟಬೇಡಿ, ಪ್ಲಾಸ್ಟಿಕ್ ಚೀಲವನ್ನಾದರೂ ಕೈಗೆ ಸುತ್ತಿಕೊಳ್ಳಿ. ಎಡ ಮಗ್ಗುಲಿಗೆ ಮಲಗಿಸಿ. ಉಪ್ಪುನೀರು, ಹುಣಿಸೆಹುಳಿ ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಎಚ್ಚರ ತಪ್ಪಿದವನ ವಾಂತಿ ಶ್ವಾಸಕೋಶಕ್ಕೆ ಇಳಿಯುತ್ತದೆ. 108ಕ್ಕೆ ಫೋನ್ ಮಾಡಿ, ಇಲ್ಲವೇ ಸಿಕ್ಕ ಗಾಡಿಯಲ್ಲಿ ಹೊರಡಿ. ಹೇಗೂ ಅಟ್ರೊಪಿನ್ ಮದ್ದುಗುಣಿಕೆಯಲ್ಲಿದೆಯಲ್ಲ ಎಂದು ಇವತ್ತಿನ ಮಾತು ಕೇಳಿ ಯಾರೂ ಅದರ ಬೀಜ ಅರೆದು ಕುಡಿಸಬೇಡಿ. ಒಂದು ಕಾಯಿಯಲ್ಲಿ ಎಷ್ಟು ವಿಷವಿದೆ, ಇನ್ನೊಂದರಲ್ಲಿ ಎಷ್ಟು ಎಂದು ಯಾರಿಗೂ ಅಳೆದು ಹೇಳಲಾಗದು. ವಿಷದ ಮೇಲೆ ವಿಷವಾದೀತು.

ಜತ್ತದ ಪತ್ರದ ಕೊನೆಯಲ್ಲಿ ಒಂದು ಸಾಲಿದೆ. ತಮ್ಮ ಹನ್ನೊಂದನೆಯ ದಿನ ನಡೆದುಕೊಂಡೇ ಮನೆಗೆ ಬಂದನಂತೆ. ಅವನಿಗೂ ಮಡಕಶಿರಾದ ಹುಡುಗನಿಗೂ ನಮ್ಮ ನಮಸ್ಕಾರ.